ನಮಗೆ ಯಾರಿಗೂ ಜ್ವರ ಇಲ್ಲ

2024ರ ಆಗಸ್ಟಿನಲ್ಲಿ ಪುತ್ತೂರಿನಲ್ಲಿ ನಡೆದ ತಾಲೂಕು ಮಟ್ಟದ ಬಾಲಕಿಯರ ಫುಟ್‌ಬಾಲ್ ಪಂದ್ಯದಲ್ಲಿ ಪಾಲೆಮಜಲು ಸರಕಾರಿ ಪ್ರೌಢಶಾಲೆಯ ತಂಡ ಹತ್ತು ಗೋಲು ತಿಂದು, ಒಂದನ್ನೂ ಹೊಡೆಯದೆ ಸೋತಿತು. ಹತ್ತೂ ಗೋಲುಗಳು ದೀಪ್ತಿಯನ್ನು ದಾಟಿಯೇ ಹೋಗಬೇಕಾಗಿತ್ತು, ಹೋದವು. ಒಂಬತ್ತನೇ ತರಗತಿಯ ಆ ಹುಡುಗಿ ಗೋಲಿನ ಮುಂದೆ ನಿಲ್ಲಲು ಶುರು ಮಾಡಿ ಎರಡು ತಿಂಗಳಾಗಿತ್ತಷ್ಟೆ.

ತಂಡ ಕಟ್ಟಿದವರು ದೈಹಿಕ ಶಿಕ್ಷಕಿ ಹರಿಣಾಕ್ಷಿ. ಬೆಳ್ಳಾರೆಯವರು, ವಯಸ್ಸು ನಲವತ್ತರ ಹತ್ತಿರ. ಕಾಲೇಜಿನಲ್ಲಿದ್ದಾಗ ಎರಡು ವರ್ಷ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದ್ದರು. ಕೊಯಿಲದ ಜಾನುವಾರು ಫಾರ್ಮಿನ ಆಚೆಗಿರುವ ಆ ಶಾಲೆಗೆ ವರ್ಗವಾಗಿ ಬಂದಾಗ ಅಲ್ಲಿ ಹೆಣ್ಣುಮಕ್ಕಳಿಗೆ ಆಟವೆಂದರೆ ತ್ರೋಬಾಲ್, ಕಬಡ್ಡಿ, ಹೆಚ್ಚೆಂದರೆ ಖೋಖೋ. ಆ ತಂಡಗಳಿಗೆ ಆಯ್ಕೆಯಾಗದೆ ಉಳಿದವರನ್ನು ಕರೆದು ಹರಿಣಾಕ್ಷಿ ಚೆಂಡು ಕೊಟ್ಟರು. ಬಂದವರು ಸರಿಯಾಗಿ ಹನ್ನೊಂದು ಜನ. ಒಬ್ಬಳು ಕಾಲು ಉಳುಕಿಸಿಕೊಂಡರೂ ಬದಲಿಗೆ ಇಳಿಸಲು ಇನ್ನೊಬ್ಬಳಿಲ್ಲ.

ಸೋಲಿಗಿಂತ ಹೆಚ್ಚು ಕಾಡಿದ್ದು ವಿಡಿಯೊ. ಏಳನೆಯ ಗೋಲಿಗೆ ದೀಪ್ತಿ ಎಡಕ್ಕೆ ಹಾರಿದ್ದಳು, ಚೆಂಡು ಬಲಕ್ಕೆ ಹೋಗಿತ್ತು. ಅವಳು ಕೆಸರಿನಲ್ಲಿ ಮುಖ ಅಡಿಯಾಗಿ ಬಿದ್ದದ್ದನ್ನು ಯಾರೋ ಮೊಬೈಲಿನಲ್ಲಿ ಹಿಡಿದು ಹಾಕಿದ್ದರು. ಹಿಂದಿನಿಂದ ನಗು ಕೇಳುತ್ತಿತ್ತು. ಮರುದಿನದ ಹೊತ್ತಿಗೆ ಅದು ಊರಿನ ವಾಟ್ಸಾಪ್ ಗುಂಪುಗಳಲ್ಲೆಲ್ಲ ಇತ್ತು. ತರಗತಿಯ ಹುಡುಗರು ಅವಳನ್ನು ‘ಹತ್ತು’ ಎಂದು ಕರೆಯತೊಡಗಿದರು. ಹಾಜರಿ ಕರೆಯುವಾಗ ಹತ್ತನೆಯ ನಂಬರು ಬಂದರೆ ಇಡೀ ಬೆಂಚು ಅವಳ ಕಡೆ ತಿರುಗುತ್ತಿತ್ತು.

ಒಂದು ವಾರ ಕಳೆದು ದೀಪ್ತಿ ಆಟದ ಸಾಮಾನಿಡುವ ಕೋಣೆಗೆ ಬಂದಳು. ಕೈಗವಸುಗಳನ್ನು ಮೇಜಿನ ಮೇಲಿಟ್ಟಳು.

“ಟೀಚರ್, ನಾನು ಇನ್ನು ಬರುದಿಲ್ಲ. ಗೋಲಿಗೆ ಬೇರೆ ಯಾರನ್ನಾದ್ರೂ ನಿಲ್ಸಿ.”

“ಯಾರನ್ನು?”

“ಯಾರನ್ನಾದ್ರೂ. ನನಗಿಂತ ಹಾಳು ಯಾರೂ ಇರ್ಲಿಕ್ಕಿಲ್ಲ.”

“ಹತ್ತು ಬಿಟ್ಟದ್ದು ಲೋಕದಲ್ಲಿ ನೀನೊಬ್ಬಳೇ ಅಂತ ಗ್ರಹಿಸಿದ್ಯಾ?” ಹರಿಣಾಕ್ಷಿ ಚೆಂಡಿಗೆ ಗಾಳಿ ಹಾಕುತ್ತಿದ್ದರು. ಪಂಪನ್ನು ಕೆಳಗಿಟ್ಟರು. “ಇಂಡಿಯಾವೇ ಬಿಟ್ಟದ್ದುಂಟು. ಒಲಿಂಪಿಕ್ಸಲ್ಲಿ. 1952ರಲ್ಲಿ, ಹೆಲ್ಸಿಂಕಿಯಲ್ಲಿ. ಯುಗೊಸ್ಲಾವಿಯ ಅಂತ ಒಂದು ದೇಶ ಇತ್ತು, ಈಗ ಇಲ್ಲ. ಅವರ ಎದುರು ಹತ್ತು ಒಂದು.”

“ಒಂದು ಹೊಡ್ದಿದ್ದಾರಲ್ಲ ಟೀಚರ್. ನಮ್ಮದು ಅದೂ ಇಲ್ಲ.”

ಹರಿಣಾಕ್ಷಿಗೆ ನಗು ಬಂತು, ತಡೆದುಕೊಂಡರು. “ಪೂರ್ತಿ ಕೇಳು. ಆ ಚಳಿಯ ದೇಶಕ್ಕೆ ಹೋಗಿ ನಮ್ಮವರಲ್ಲಿ ಹೆಚ್ಚಿನವರು ಆಡಿದ್ದು ಬರಿಗಾಲಲ್ಲಿ. ತಿರುಗಿ ಬಂದಾಗ ಜನ ಹಾರ ಹಾಕಿರ್ಲಿಕ್ಕಿಲ್ಲ. ನಾಲ್ಕು ವರ್ಷ ಬಿಟ್ಟು ಮೆಲ್ಬರ್ನಿಗೆ ಹೋದ್ರು. ಅಲ್ಲಿ ಆಸ್ಟ್ರೇಲಿಯವನ್ನು ಅವರದೇ ನೆಲದಲ್ಲಿ ನಾಲ್ಕು ಎರಡಕ್ಕೆ ಸೋಲಿಸಿದ್ರು. ಸೆಮಿಫೈನಲಲ್ಲಿ ಸಿಕ್ಕಿದ್ದು ಯಾರು ಗೊತ್ತುಂಟಾ? ಪುನಃ ಅದೇ ಯುಗೊಸ್ಲಾವಿಯ.”

“ಗೆದ್ರಾ?”

“ಇಲ್ಲ. ನಾಲ್ಕು ಒಂದಕ್ಕೆ ಸೋತ್ರು. ಒಲಿಂಪಿಕ್ಸಲ್ಲಿ ನಾಲ್ಕನೇ ಸ್ಥಾನ ಬಂತು. ಆಮೇಲೆ ಆರು ವರ್ಷಕ್ಕೆ ಜಕಾರ್ತದಲ್ಲಿ ಏಷ್ಯನ್ ಗೇಮ್ಸ್ ಚಿನ್ನ.”

ಹುಡುಗಿ ಚಿನ್ನದ ಬಗ್ಗೆ ಏನೂ ಕೇಳಲಿಲ್ಲ. ಹತ್ತು ಗೋಲು ತಿಂದವರು ಅದೇ ತಂಡದ ಎದುರು ಮತ್ತೆ ಹೋಗಿ ನಿಂತದ್ದು ಅವಳ ತಲೆಯಲ್ಲಿ ಕೂತಿತು. ಹೋಗುವಾಗ ಕೈಗವಸುಗಳನ್ನು ತೆಗೆದುಕೊಂಡು ಹೋದಳು.

ಅಂದಿನಿಂದ ಅವಳಿಗೆ ಸೋಲುಗಳದೇ ಹುಚ್ಚು. ಗೆದ್ದದ್ದನ್ನು ಎಲ್ಲರೂ ಹೇಳುತ್ತಾರೆ, ಸೋತದ್ದನ್ನು ಹುಡುಕಬೇಕು. 2015ರಲ್ಲಿ ಗುವಾಮ್ ಎಂಬ ಪುಟ್ಟ ದ್ವೀಪದ ಎದುರು ಭಾರತ ಸೋತದ್ದನ್ನು ಓದಿ ಅವಳು ಭೂಪಟದಲ್ಲಿ ಆ ದ್ವೀಪ ಹುಡುಕಿದಳು, ಸಿಗಲಿಲ್ಲ. ಕತಾರಿನ ಏಷ್ಯನ್ ಕಪ್ಪಿನಲ್ಲಿ, 2024ರ ಜನವರಿಯಲ್ಲಿ, ಮೂರು ಪಂದ್ಯ ಆಡಿ ಒಂದೂ ಗೋಲು ಹೊಡೆಯದೆ ಹಿಂತಿರುಗಿದ್ದನ್ನು ಓದಿದಳು. ಒಂದು ದಿನ ಹರಿಣಾಕ್ಷಿ ತಮ್ಮ ಮೊಬೈಲಿನಲ್ಲಿ 2011ರ ಏಷ್ಯನ್ ಕಪ್ಪಿನ ತುಣುಕುಗಳನ್ನು ತೋರಿಸಿದರು. ಇಪ್ಪತ್ತೇಳು ವರ್ಷಗಳ ನಂತರ ಆ ಕಪ್ಪಿಗೆ ಹೋಗಿದ್ದ ಭಾರತ ಮೂರು ಪಂದ್ಯಗಳಲ್ಲಿ ಹದಿಮೂರು ಗೋಲು ತಿಂದಿತ್ತು. ಆದರೂ ಆ ತಂಡದ ಗೋಲ್‌ಕೀಪರನನ್ನು ಜನ ಹೊಗಳಿದ್ದರು.

“ಹದಿಮೂರು ಬಿಟ್ಟವನನ್ನಾ?” ದೀಪ್ತಿ ನಂಬಲಿಲ್ಲ.

“ಅವನು ತಡೆದದ್ದು ಎಷ್ಟು ಅಂತ ನೋಡು.”

ನೋಡಿದಳು. ಮತ್ತೆ ಮತ್ತೆ ನೋಡಿದಳು. ಅವನು ಹಾರುವುದನ್ನಲ್ಲ, ಹಾರುವ ಮೊದಲು ಒಂದು ಹೆಜ್ಜೆ ಮುಂದೆ ಬಂದು ಮೊಣಕಾಲು ಬಗ್ಗಿಸಿ ಕಾಯುವುದನ್ನು. ತಾನು ಎಡಕ್ಕೆ ಹಾರಿದ್ದು ಚೆಂಡು ನೋಡಿ ಅಲ್ಲ, ಹೆದರಿಕೆಯಿಂದ ಎಂದು ಅವಳಿಗೆ ಆಗ ಹೊಳೆಯಿತು.

ಆ ವರ್ಷವಿಡೀ ಹನ್ನೊಂದು ಹುಡುಗಿಯರು ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಆಡಿದರು. ಬಸ್ಸು ತಪ್ಪುವವರು ಇಪ್ಪತ್ತು ನಿಮಿಷ ಆಡಿ ಓಡುತ್ತಿದ್ದರು. ಮೈದಾನ ಒಂದು ಕಡೆಗೆ ಇಳಿಜಾರು. ಚೆಂಡು ಕೈತಪ್ಪಿದರೆ ಗುಡ್ಡೆ ಇಳಿದು ಕೆಳಗಿನ ನೀರಿನ ತೋಡಿಗೆ ಬೀಳುತ್ತಿತ್ತು. ಮುಂದೆ ಆಡುವ ಅಫೀಫಾ ವೇಗವಾಗಿ ಓಡುತ್ತಿದ್ದಳು, ಆದರೆ ಚೆಂಡನ್ನು ಹಿಂದೆ ಬಿಟ್ಟು ಓಡುತ್ತಿದ್ದಳು. ಅವಳನ್ನೂ ಚೆಂಡನ್ನೂ ಒಟ್ಟಿಗೆ ತರಲು ಹರಿಣಾಕ್ಷಿಗೆ ಡಿಸೆಂಬರ್‌ವರೆಗೆ ಬೇಕಾಯಿತು. ನಡುವಿನಲ್ಲಿ ಆಡುವ ಗಾನಶ್ರೀ ಮಾತ್ರ ಹುಟ್ಟಿದ್ದೇ ಆಡಲು ಎಂಬಂತಿದ್ದಳು.

2025ರ ಜುಲೈ ಮೊದಲ ವಾರ, ಶನಿವಾರ ಸಂಜೆ, ಭಾರತದ ಮಹಿಳಾ ತಂಡಕ್ಕೆ ಥಾಯ್ಲೆಂಡಿನಲ್ಲಿ ಥಾಯ್ಲೆಂಡಿನ ಎದುರೇ ಪಂದ್ಯ. ಗೆದ್ದವರು ಏಷ್ಯನ್ ಕಪ್ಪಿಗೆ. ದೀಪ್ತಿಯ ಮನೆಯಲ್ಲಿ ಐದು ಹುಡುಗಿಯರು ಸೇರಿದರು, ಹರಿಣಾಕ್ಷಿಯೂ ಬಂದರು. ದೀಪ್ತಿಯ ಅಪ್ಪ ಅಚ್ಚುತ ಪಿಕಪ್ ಓಡಿಸುವವನು. ಹೆಣ್ಣುಮಕ್ಕಳ ಫುಟ್‌ಬಾಲೆಂದರೆ ಅವನಿಗೆ ಅಷ್ಟಕ್ಕಷ್ಟೆ. ತಾಯಿ ರಾಜೀವಿ ತಟ್ಟೆ ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಾ ಗೋಡೆಗೊರಗಿ ಕೂತಿದ್ದಳು.

“ಇವರು ಮೊದಲು ಹೋಗ್ಲಿಲ್ವಾ ಈ ಕಪ್ಪಿಗೆ?” ಅಚ್ಚುತ ಕೇಳಿದ.

“ಹಿಂದೆ ಎರಡು ಸಲ ಫೈನಲಿಗೂ ಹೋಗಿದ್ದಾರೆ,” ಎಂದರು ಹರಿಣಾಕ್ಷಿ. “ಒಂದು ನಮ್ಮ ಹತ್ತಿರವೇ, ಕೋಝಿಕ್ಕೋಡಿನಲ್ಲಿ ನಡೆದದ್ದು, 1980ರಲ್ಲಿ. ಆಮೇಲೆ ಅವರನ್ನು ಎಲ್ಲರೂ ಮರೆತರು. ಮೂರು ವರ್ಷದ ಹಿಂದೆ ಕಪ್ ನಮ್ಮ ದೇಶದಲ್ಲೇ ಆಯ್ತು. ಒಂದು ಮ್ಯಾಚ್ ಆಡಿದ್ರು. ಅಷ್ಟರಲ್ಲಿ ತಂಡದಲ್ಲಿ ಕೊರೊನಾ ಬಂತು, ಇಳಿಸ್ಲಿಕ್ಕೆ ಜನ ಸಾಲ್ಲಿಲ್ಲ. ಕಪ್ಪಿನಿಂದಲೇ ಹೊರಗೆ.”

“ಛೆ. ಉಳಿದದ್ದು ಆಡದೆಯಾ?”

“ಆಡದೆ.”

ಮೊದಲಾರ್ಧದಲ್ಲಿ ಭಾರತ ಒಂದು ಗೋಲು ಹೊಡೆಯಿತು. ಎರಡನೆಯ ಅರ್ಧ ಶುರುವಾಗುತ್ತಲೇ ಥಾಯ್ಲೆಂಡ್ ಸಮ ಮಾಡಿತು. ಎಪ್ಪತ್ತನಾಲ್ಕನೆಯ ನಿಮಿಷದಲ್ಲಿ ಭಾರತದ ಎರಡನೆಯ ಗೋಲು ಬಿದ್ದಾಗ ರಾಜೀವಿಯ ತಟ್ಟೆ ಮಗುಚಿ ಹೊಗೆಸೊಪ್ಪು ನೆಲಕ್ಕೆಲ್ಲ ಹರಡಿತು. ಬೈಯಬೇಕಾದವಳು ತಾನೇ ಎದ್ದು ನಿಂತಿದ್ದಳು. ಕೊನೆಯ ಸೀಟಿ ಊದಿದಾಗ ಅಚ್ಚುತ ಮಗಳ ಕಡೆ ನೋಡಿ, “ನಿಮ್ಮ ಮ್ಯಾಚ್ ಯಾವಾಗ?” ಎಂದ. ಒಂದು ವರ್ಷದಲ್ಲಿ ಅವನು ಅದನ್ನು ಕೇಳಿದ್ದು ಅದೇ ಮೊದಲು.

ಮ್ಯಾಚ್ ಆಗಸ್ಟಿನ ಎರಡನೆಯ ವಾರಕ್ಕಿತ್ತು. ಅದಕ್ಕೆ ಒಂಬತ್ತು ದಿನ ಮೊದಲು ಹರಿಣಾಕ್ಷಿಯನ್ನು ಮುಖ್ಯೋಪಾಧ್ಯಾಯರ ಕೋಣೆಗೆ ಕರೆದರು. ಮುಖ್ಯೋಪಾಧ್ಯಾಯ ವಿಷ್ಣುಪ್ರಸಾದರ ಎದುರಿನ ಕುರ್ಚಿಯಲ್ಲಿ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷ ಜಯಪ್ರಕಾಶ್ ಕೂತಿದ್ದರು. ಮೇಜಿನ ಮೇಲೆ ಟೈಪ್ ಮಾಡಿದ ಒಂದು ಪತ್ರ. ಕೆಳಗೆ ಎರಡು ಸಹಿಗಳಿಗೆ ಜಾಗ: ಮುಖ್ಯೋಪಾಧ್ಯಾಯರದು, ದೈಹಿಕ ಶಿಕ್ಷಕರದು.

ಹರಿಣಾಕ್ಷಿ ನಿಂತೇ ಓದಿದರು. ‘ತಂಡದ ವಿದ್ಯಾರ್ಥಿನಿಯರು ಜ್ವರದಿಂದ ಬಳಲುತ್ತಿರುವುದರಿಂದ ಈ ಸಾಲಿನ ಬಾಲಕಿಯರ ಫುಟ್‌ಬಾಲ್ ಪಂದ್ಯದಲ್ಲಿ ನಮ್ಮ ಶಾಲೆಯು ಭಾಗವಹಿಸಲು ಸಾಧ್ಯವಾಗುತ್ತಿಲ್ಲ.’

“ಯಾರಿಗೆ ಜ್ವರ ಸರ್?”

ವಿಷ್ಣುಪ್ರಸಾದ್ ಕನ್ನಡಕ ತೆಗೆದು ಒರೆಸಿದರು. “ಒಂದು ಕಾರಣ ಬೇಕಲ್ಲ ಟೀಚರ್. ಅದರಲ್ಲಿ ಹೆಚ್ಚಿನವರು ಈಗ ಎಸ್ಸೆಸ್ಸೆಲ್ಸಿ.”

“ತ್ರೋಬಾಲಿಗೆ ಹೋಗುವವರೂ ಎಸ್ಸೆಸ್ಸೆಲ್ಸಿಯೇ.”

“ತ್ರೋಬಾಲಲ್ಲಿ ನಾವು ಗೆಲ್ತೇವೆ ಟೀಚರೇ,” ಜಯಪ್ರಕಾಶ್ ಮಧ್ಯೆ ಹೇಳಿದರು. ಅವರು ಕೆಟ್ಟವರಲ್ಲ. ಶಾಲೆಯ ಮಾಡಿಗೆ ಶೀಟು ಹಾಕಿಸಲು ತಿಂಗಳುಗಟ್ಟಲೆ ಓಡಾಡಿದವರು, ತಮ್ಮ ಇಬ್ಬರು ಮಕ್ಕಳನ್ನೂ ಇದೇ ಶಾಲೆಗೆ ಕಳಿಸಿದವರು. “ನಿಮಗೆ ಆಟ ಮಾತ್ರ ಕಾಣುದು. ನನಗೆ ದಾಖಲಾತಿ ಕಾಣುದು. ಈ ಸಲ ಎಂಟನೇ ಕ್ಲಾಸಿಗೆ ಬಂದದ್ದು ಹತ್ತೊಂಬತ್ತು ಮಕ್ಕಳು. ನಮ್ಮ ಮಕ್ಕಳೆಲ್ಲ ಹೋಗುದು ಎಲ್ಲಿಗೆ? ನಿಮಗೆ ಹತ್ತು ಗೋಲು ಹಾಕಿದ ಇಂಗ್ಲಿಷ್ ಮೀಡಿಯಮ್ಮಿಗೆ. ಆ ವಿಡಿಯೊ ನೋಡಿ ಎಷ್ಟು ಜನ ನನ್ನ ಹತ್ರ ನಗಾಡಿದ್ದಾರೆ ಗೊತ್ತುಂಟಾ? ಪುನಃ ಅವರ ಎದುರು ಹೋಗಿ ಹತ್ತು ತಿಂದ್ರೆ ಮುಂದಿನ ಜೂನಿಗೆ ಈ ಶಾಲೆಗೆ ಯಾರು ಬರುದು?”

“ಹೋಗದಿದ್ರೆ ಬರ್ತಾರಾ?”

“ಮರ್ಯಾದೆ ಆದ್ರೂ ಉಳೀತದೆ.”

ಹರಿಣಾಕ್ಷಿ ಆಗ ಕುರ್ಚಿ ಎಳೆದು ಕೂತರು. “ಒಂದು ವಿಷಯ ಹೇಳ್ತೇನೆ, ಕೇಳಿ. 1950ರಲ್ಲಿ ಬ್ರೆಜಿಲಿನಲ್ಲಿ ವಿಶ್ವಕಪ್. ನಮ್ಮ ಗುಂಪಿನಲ್ಲಿ ಇದ್ದವರೆಲ್ಲ ಹಿಂದೆ ಸರಿದರು, ಇಂಡಿಯಾಕ್ಕೆ ಒಂದು ಮ್ಯಾಚ್ ಆಡದೆ ಜಾಗ ಸಿಕ್ಕಿತು. ಆದ್ರೆ ನಾವು ಹೋಗ್ಲಿಲ್ಲ. ಬರಿಗಾಲಲ್ಲಿ ಆಡ್ಲಿಕ್ಕೆ ಬಿಡ್ಲಿಲ್ಲ ಅಂತ ಒಬ್ಬರು ಹೇಳ್ತಾರೆ. ಹಡಗಿನ ಪ್ರಯಾಣ ದೂರ ಅಂತ ಇನ್ನೊಬ್ಬರು. ಒಲಿಂಪಿಕ್ಸೇ ದೊಡ್ಡದು ಅಂತ ಆಗ ಇದ್ದದ್ದು ಅಂತ ಮತ್ತೊಬ್ಬರು. ಎಪ್ಪತ್ತೈದು ವರ್ಷ ಆಯ್ತು, ಇನ್ನೂ ಕಾರಣ ಹೇಳ್ತಾ ಇದ್ದೇವೆ. ಎರಡು ವರ್ಷ ಬಿಟ್ಟು ಹೆಲ್ಸಿಂಕಿಗೆ ಹೋಗಿ ಹತ್ತು ತಿಂದದ್ದುಂಟಲ್ಲ, ಅದಕ್ಕೆ ಯಾರೂ ಕಾರಣ ಕೇಳುದಿಲ್ಲ. ಹೋದ್ರು, ಆಡಿದ್ರು, ಸೋತ್ರು. ಮುಗೀತು. ವಿಶ್ವಕಪ್ಪಿಗೆ ಆಮೇಲೆ ಇಂದಿನವರೆಗೆ ನಮಗೆ ಕಾಲಿಡ್ಲಿಕ್ಕೆ ಆಗ್ಲಿಲ್ಲ.”

“ಅದು ದೇಶದ ವಿಷಯ ಮಾರಾಯ್ರೆ. ಇದು ಪಾಲೆಮಜಲು.”

“ನನಗೆ ಇದು ಸಣ್ಣದಲ್ಲ,” ಎಂದರು ಹರಿಣಾಕ್ಷಿ. “ಸೋಲಿನ ಹೆದರಿಕೆಗೆ ಹೋಗುದಿಲ್ಲ ಅಂತ ಬರೀರಿ, ನಿಮ್ಮ ಸಹಿಯಲ್ಲಿ ಕಳಿಸಿ. ನನಗೆ ಎಂತ ಮಾಡ್ಲಿಕ್ಕಾಗ್ತದೆ? ಆದ್ರೆ ಮಕ್ಕಳಿಗೆ ಇಲ್ಲದ ಜ್ವರ ನಾನು ಬರೆಯುದಿಲ್ಲ.”

ಪತ್ರ ಸಹಿಯಿಲ್ಲದೆ ಮೇಜಿನ ಮೇಲೆಯೇ ಉಳಿಯಿತು.

ಸಂಜೆ ಮೈದಾನದಲ್ಲಿ ಅವರು ನಡೆದದ್ದನ್ನು ಹುಡುಗಿಯರಿಗೆ ಮುಚ್ಚುಮರೆಯಿಲ್ಲದೆ ಹೇಳಿದರು. ಗಾನಶ್ರೀ ಅತ್ತಳು. ಅಫೀಫಾ ಚೆಂಡನ್ನು ಒದ್ದ ಹೊಡೆತಕ್ಕೆ ಅದು ತೋಡು ದಾಟಿ ಹೋಯಿತು. ದೀಪ್ತಿ ಮಾತ್ರ, “ಜ್ವರ ಅಂತ ಬರ್ದಿದ್ರಾ?” ಎಂದು ಎರಡು ಸಲ ಕೇಳಿದಳು. ಸೋಲುತ್ತೀರಿ ಎಂದದ್ದು ಅವಳಿಗೆ ಅಷ್ಟು ತಾಗಲಿಲ್ಲ, ಅದನ್ನು ಕೇಳಿ ಕೇಳಿ ಅವಳಿಗೆ ಅಭ್ಯಾಸವಾಗಿತ್ತು. ತಾನು ಗಟ್ಟಿಮುಟ್ಟಾಗಿ ನಿಂತಿರುವಾಗ ಯಾರೋ ತನ್ನನ್ನು ಕಾಗದದ ಮೇಲೆ ಮಲಗಿಸಿದ್ದು ಅವಳನ್ನು ಕೆರಳಿಸಿತು.

ಮರುದಿನ ಮೊದಲ ಗಂಟೆ ಹೊಡೆಯುವ ಮೊದಲೇ ಅವಳು ಮುಖ್ಯೋಪಾಧ್ಯಾಯರ ಬಾಗಿಲಲ್ಲಿದ್ದಳು. ಹಿಂದೆ ಉಳಿದ ಹತ್ತು ಜನ. ಕೊಟ್ಟ ಕಾಗದದಲ್ಲಿ ಇಷ್ಟೇ ಇತ್ತು:

‘ಮಾನ್ಯ ಮುಖ್ಯೋಪಾಧ್ಯಾಯರಿಗೆ. ನಮಗೆ ಯಾರಿಗೂ ಜ್ವರ ಇಲ್ಲ. ಹೋದ ವರ್ಷವೂ ಇರಲಿಲ್ಲ. ಹೋದ ವರ್ಷ ನಮಗೆ ಆಡಲು ಗೊತ್ತಿರಲಿಲ್ಲ, ಆದುದರಿಂದ ಸೋತೆವು. ಈ ವರ್ಷ ಸ್ವಲ್ಪ ಗೊತ್ತಿದೆ. ಸೋತರೆ ಸೋತೆವು ಎಂದು ನಾವೇ ಎಲ್ಲರಿಗೂ ಹೇಳುತ್ತೇವೆ. ದಯವಿಟ್ಟು ನಮ್ಮ ಹೆಸರಿನಲ್ಲಿ ಸುಳ್ಳು ಬರೆಯಬೇಡಿ.’

ಕೆಳಗೆ ಹನ್ನೊಂದು ಸಹಿ.

“ಇದನ್ನು ಬರೆದದ್ದು ಯಾರು?” ವಿಷ್ಣುಪ್ರಸಾದ್ ಕೇಳಿದರು.

“ನಾನು ಸರ್.”

“ಟೀಚರ್ ಬರೆಸಿದ್ದಾ?”

“ಅಲ್ಲ ಸರ್. ಟೀಚರ್ ಬರೆಸಿದ್ರೆ ಅಕ್ಷರ ತಪ್ಪು ಕಮ್ಮಿ ಇರ್ತಿತ್ತು.”

ವಿಷ್ಣುಪ್ರಸಾದ್ ಮೂವತ್ತು ವರ್ಷ ಕನ್ನಡ ಕಲಿಸಿದವರು. ಆ ಕಾಗದವನ್ನು ಇನ್ನೊಮ್ಮೆ ಓದಿದರು. ಪೆನ್ನು ತೆಗೆದು ಒಂದು ಕಡೆ ಒತ್ತಕ್ಷರ ತಿದ್ದಿದರು, ತಿದ್ದಿದ ಮೇಲೆ ತಾನೇನು ಮಾಡುತ್ತಿದ್ದೇನೆಂದು ನೆನಪಾಗಿ ಪೆನ್ನು ಮುಚ್ಚಿದರು.

ಮಧ್ಯಾಹ್ನ ಹರಿಣಾಕ್ಷಿಯನ್ನು ಕರೆದು, “ಎಂಟ್ರಿ ಫಾರ್ಮಿಗೆ ನಾನು ಜುಲೈಯಲ್ಲೇ ಸಹಿ ಹಾಕಿ ಆಗಿದೆ. ಅದನ್ನು ಹಿಂದೆ ತೆಗೆಯುದಿಲ್ಲ,” ಎಂದರು. “ಆದ್ರೆ ಶಾಲೆಯಿಂದ ವಾಹನ ಇಲ್ಲ. ಬೇಡ ಅಂತ ಸಮಿತಿ ಹೇಳಿದೆ. ಹೆತ್ತವರ ಒಪ್ಪಿಗೆ ಬರವಣಿಗೆಯಲ್ಲಿ ಇರ್ಬೇಕು. ಎಂತ ಹೆಚ್ಚುಕಮ್ಮಿ ಆದ್ರೂ ನಿಮ್ಮ ಜವಾಬ್ದಾರಿ.”

“ಆಯ್ತು ಸರ್.”

“ನಾನು ಹೋಗಿ ಅಂತ ಹೇಳ್ಲಿಲ್ಲ.”

“ಗೊತ್ತಾಯ್ತು ಸರ್.”

ಪಂದ್ಯದ ಬೆಳಿಗ್ಗೆ ಅವರು ಲೈನ್ ಬಸ್ಸಿನಲ್ಲಿ ಪುತ್ತೂರಿಗೆ ಹೊರಟರು. ಅಚ್ಚುತ ಅಂದಿನ ಸರಕಿನ ಬಾಡಿಗೆ ಬಿಟ್ಟು ಜೊತೆಗೆ ಬಂದಿದ್ದ. ಚೆಂಡಿನ ಬಲೆಚೀಲ ಅವನ ಮಡಿಲಲ್ಲಿತ್ತು. ಗಾನಶ್ರೀಯ ನಿಲ್ದಾಣದಲ್ಲಿ ಬಸ್ಸು ನಿಂತಿತು, ಗಾನಶ್ರೀ ಇರಲಿಲ್ಲ. ಹರಿಣಾಕ್ಷಿ ಫೋನ್ ಮಾಡಿದರು. ಎತ್ತಿದ್ದು ಅವಳ ತಂದೆ ಉದಯಶಂಕರ. “ನಿನ್ನೆ ಒಪ್ಪಿ ಸಹಿ ಹಾಕಿದ್ದು ಹೌದು ಮೇಡಮ್. ರಾತ್ರಿ ಜಯಪ್ರಕಾಶಣ್ಣ ಫೋನ್ ಮಾಡಿದ್ರು. ಸಮಿತಿ ಬೇಡ ಅಂದ ಮೇಲೆ ಕಳಿಸುದು ಹೇಗೆ? ಬೇಸರ ಮಾಡ್ಬೇಡಿ.” ಹಿಂದಿನಿಂದ ಹುಡುಗಿಯ ಅಳು ಕೇಳುತ್ತಿತ್ತು. ಕಂಡಕ್ಟರ್ ಸೀಟಿ ಊದಿದ.

ಮೈದಾನದಲ್ಲಿ ಸಂಘಟಕರೊಬ್ಬರು ತಲೆ ಎಣಿಸಿದರು. “ಹತ್ತೇ ಜನ ಇರುದಲ್ವಾ ಮೇಡಮ್? ಅವರ ಟೀಮು ಸ್ಟ್ರಾಂಗ್ ಉಂಟು. ಆಡದೆ ವಾಕ್‌ಓವರ್ ಕೊಟ್ಟುಬಿಡಿ, ಯಾರಿಗೂ ಬೇಜಾರಿಲ್ಲ. ಊಟ ಮಾಡಿ ಹೋಗಿ.”

“ಏಳು ಜನ ಇದ್ರೆ ಆಡ್ಬಹುದು ಅಂತ ನಿಯಮ ಉಂಟು,” ಹರಿಣಾಕ್ಷಿ ಹೇಳಿದರು. “ನಮ್ಮಲ್ಲಿ ಮೂರು ಹೆಚ್ಚು.”

ದೀಪ್ತಿ ಗೋಲಿನ ಕಡೆ ನಡೆಯುವಾಗ ಬೇಲಿಯ ಆಚೆ ನಾಲ್ಕೈದು ಮೊಬೈಲುಗಳು ಮೇಲೆದ್ದದ್ದನ್ನು ನೋಡಿದಳು. ಎದುರಿನ ತಂಡದ ಹುಡುಗಿಯರ ಬೂಟುಗಳೆಲ್ಲ ಒಂದೇ ಬಣ್ಣ. ಇವರಲ್ಲಿ ಮೂವರದು ಅಣ್ಣಂದಿರ ಬೂಟು, ತುದಿಗೆ ಬಟ್ಟೆ ತುರುಕಿದ್ದು.

ಆರನೆಯ ನಿಮಿಷಕ್ಕೇ ಮೊದಲ ಗೋಲು ಬಿತ್ತು. ಬೇಲಿಯ ಕಡೆಯಿಂದ “ಒಂದೂ…” ಎಂದು ಯಾರೋ ಎಳೆದು ಕೂಗಿದರು. ದೀಪ್ತಿ ಚೆಂಡನ್ನು ಬಲೆಯಿಂದ ತೆಗೆದು ಮಧ್ಯಕ್ಕೆ ಎಸೆದಳು. ಆ ನಂತರ ಸುಮಾರು ಹದಿನೈದು ನಿಮಿಷ ಏನೂ ಬೀಳಲಿಲ್ಲ. ಅವರು ಒದ್ದರು, ಅವಳು ಹಿಡಿದಳು. ಒಂದನ್ನು ಮುಷ್ಟಿಯಿಂದ ಗುದ್ದಿದಳು, ಒಂದು ಎದೆಗೆ ಬಡಿದು ಹೊರಗೆ ಹೋಯಿತು. ಹಾರಲಿಲ್ಲ, ಒಂದು ಹೆಜ್ಜೆ ಮುಂದೆ ಬಂದು ಕಾದಳು. ಮಧ್ಯಂತರಕ್ಕೆ ಎರಡು ಸೊನ್ನೆ.

“ಎರಡು ಬಿಟ್ಟೆ ಟೀಚರ್,” ದೀಪ್ತಿ ನೀರು ಕುಡಿಯುತ್ತಾ ಹೇಳಿದಳು.

“ಬಿಟ್ರೆ ಬಿಟ್ಟೆ. ಹೆದರಿ ಹಾರ್ಲಿಲ್ಲ ಅಲ್ವಾ.”

ಎರಡನೆಯ ಅರ್ಧದಲ್ಲಿ ಒಬ್ಬಳು ಕಡಿಮೆ ಇರುವುದು ತಿಳಿಯತೊಡಗಿತು. ನಡುವಿನಲ್ಲಿ ಗಾನಶ್ರೀಯ ಜಾಗ ತೆರೆದ ಗೇಟಿನ ಹಾಗಿತ್ತು, ಅಲ್ಲಿಂದಲೇ ಮೂರನೆಯದು ಬಂತು. ಸ್ವಲ್ಪದರಲ್ಲೇ ಪೆನಾಲ್ಟಿ ಆಯಿತು. ದೀಪ್ತಿ ಈ ಸಲ ಸರಿಯಾದ ಕಡೆಗೇ ಹೋದಳು, ಚೆಂಡು ಅವಳ ಎರಡೂ ಅಂಗೈಗಳಿಗೆ ಬಡಿದು ಪುಟಿಯಿತು. ಪುಟಿದದ್ದನ್ನು ಎದುರಿನವಳು ಮತ್ತೆ ಒದ್ದು ಒಳಗೆ ಹಾಕಿದಳು. ನಾಲ್ಕು. ದೀಪ್ತಿ ನೆಲಕ್ಕೆ ಒಮ್ಮೆ ಗುದ್ದಿ ಎದ್ದಳು.

ಎದುರು ತಂಡದ ಗೋಲ್‌ಕೀಪರ್‌ಗೆ ಅಲ್ಲಿಯವರೆಗೆ ಕೆಲಸವೇ ಇರಲಿಲ್ಲ. ಅವಳು ಗೋಲಿನಿಂದ ಬಹಳ ಮುಂದೆ ಬಂದು ಸೊಂಟಕ್ಕೆ ಕೈಯಿಟ್ಟು ನೋಡುತ್ತಿದ್ದಳು. ದೀಪ್ತಿ ಅದನ್ನು ನೋಡಿದಳು. ಮುಂದಿನ ಸಲ ಚೆಂಡು ಕೈಗೆ ಬಂದಾಗ ಪಕ್ಕದವಳಿಗೆ ಕೊಡದೆ, ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಸೇರಿಸಿ ಒದ್ದಳು. ಚೆಂಡು ಮಧ್ಯದ ಗೆರೆ ದಾಟಿ ಒಮ್ಮೆ ಪುಟಿದು ಕೆಸರಿನಲ್ಲಿ ಸಿಕ್ಕಿಬಿತ್ತು. ಅಫೀಫಾ ಅದಾಗಲೇ ಓಡುತ್ತಿದ್ದಳು. ಕೆಸರು ಚೆಂಡನ್ನು ಅವಳಿಗಾಗಿ ಹಿಡಿದಿಟ್ಟ ಹಾಗಿತ್ತು. ಒಬ್ಬಳನ್ನು ದಾಟಿದಳು, ಗೋಲ್‌ಕೀಪರ್ ಗಾಬರಿಯಿಂದ ಹಿಂದಕ್ಕೆ ಓಡತೊಡಗಿದಳು. ಅಫೀಫಾ ಒದ್ದದ್ದು ಚೆನ್ನಾಗಿಯೇನೂ ಇರಲಿಲ್ಲ. ಉರುಳಿ ಉರುಳಿ ಹೋಗಿ, ಕಂಬಕ್ಕೆ ತಾಗಿ, ಗೆರೆಯ ಒಳಗೆ ಹೋಗಿ ನಿಂತಿತು.

ರೆಫ್ರಿ ಸೀಟಿ ಊದಿ ಮಧ್ಯದ ಕಡೆ ಕೈ ತೋರಿದ. ದೀಪ್ತಿ ತನ್ನ ಗೋಲು ಬಿಟ್ಟು ಇಡೀ ಮೈದಾನ ಓಡಿ ಅಫೀಫಾಳ ಮೇಲೆ ಬಿದ್ದಳು, ಅವಳ ಮೇಲೆ ಉಳಿದವರು. ಗೆರೆಯ ಹೊರಗೆ ಅಚ್ಚುತ ಚೆಂಡಿನ ಚೀಲವನ್ನು ಗಾಳಿಯಲ್ಲಿ ತಿರುಗಿಸುತ್ತಿದ್ದ. ಬೇಲಿಯ ಬಳಿ ಈಗಷ್ಟೇ ಬಂದವನೊಬ್ಬ, “ಎಂತ, ಗೆದ್ದದ್ದು ಇವರಾ?” ಎಂದು ಕೇಳಿದ.

“ಅಲ್ಲ ಮಾರಾಯ, ನಾಲ್ಕು ಒಂದರಲ್ಲಿ ಸೋಲ್ತಾ ಇದ್ದಾರೆ.”

“ಮತ್ತೆ ಇದು ಎಂತದು?”

ಅದಕ್ಕೆ ಉತ್ತರ ಹೇಳುವಷ್ಟರಲ್ಲಿ ಇನ್ನೊಂದು ಗೋಲೂ ಬಿತ್ತು, ದೀಪ್ತಿ ಓಡಿ ಸುಸ್ತಾಗಿದ್ದಳು. ಐದು ಒಂದಕ್ಕೆ ಪಂದ್ಯ ಮುಗಿಯಿತು. ಕೈ ಕುಲುಕುವಾಗ ಆ ತಂಡದ ನಾಯಕಿ ದೀಪ್ತಿಯ ಹತ್ತಿರ, “ಹೋದ ವರ್ಷ ನೀನೇನಾ ಇದ್ದದ್ದು?” ಎಂದಳು.

“ನಾನೇ.”

“ಗೊತ್ತಾಗ್ಲಿಲ್ಲ ನನಗೆ.”

ಶಾಲೆಯಲ್ಲಿ ಹರಿಣಾಕ್ಷಿಗಾಗಿ ಮೆಮೊ ಕಾಯುತ್ತಿತ್ತು. ಸಮಿತಿಯ ತೀರ್ಮಾನವನ್ನು ಮೀರಿ ವಿದ್ಯಾರ್ಥಿನಿಯರನ್ನು ಸಾರ್ವಜನಿಕ ಬಸ್ಸಿನಲ್ಲಿ ಕರೆದೊಯ್ದದ್ದಕ್ಕೆ ಮೂರು ದಿನದೊಳಗೆ ವಿವರಣೆ ಕೊಡಬೇಕು. ಅವರು ಅಂದೇ ಬರೆದುಕೊಟ್ಟರು. ಎಂಟ್ರಿ ಫಾರ್ಮಿನ ಪ್ರತಿ, ಹತ್ತು ಒಪ್ಪಿಗೆ ಪತ್ರ ಲಗತ್ತಿಸಿದರು. ಕ್ಷಮೆ ಎಂಬ ಪದ ಎಲ್ಲೂ ಇರಲಿಲ್ಲ. ಕೊನೆಯಲ್ಲಿ, ‘ಮುಂದಿನ ಸಾಲಿನ ಪಂದ್ಯಕ್ಕೆ ಶಾಲಾ ವಾಹನ ಒದಗಿಸಬೇಕೆಂದು ಈ ಮೂಲಕ ಕೋರಿಕೆ’ ಎಂದು ಸೇರಿಸಿದ್ದರು. ವಿಷ್ಣುಪ್ರಸಾದ್ ಅದನ್ನು ಫೈಲಿಗೆ ಹಾಕಿದರು. ಮೇಲಿನವರಿಗೆ ಕಳಿಸಿದರೋ ಇಲ್ಲವೋ ಹರಿಣಾಕ್ಷಿ ಕೇಳಲಿಲ್ಲ.

ಸೋಮವಾರ ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ವಿಷ್ಣುಪ್ರಸಾದ್ ಆಟೋಟದ ಫಲಿತಾಂಶ ಓದಿದರು. ಜಯಪ್ರಕಾಶ್ ಯಾವುದೋ ಕೆಲಸಕ್ಕೆ ಬಂದವರು ಜಗಲಿಯಲ್ಲಿ ನಿಂತಿದ್ದರು. ತ್ರೋಬಾಲ್ ಬಾಲಕಿಯರು, ಪ್ರಥಮ. ಚಪ್ಪಾಳೆ. ಕಬಡ್ಡಿ ಬಾಲಕರು, ದ್ವಿತೀಯ. ಚಪ್ಪಾಳೆ. ಉದ್ದಜಿಗಿತದಲ್ಲಿ ಕೀರ್ತನ್, ತೃತೀಯ. ಕಾಗದ ಮಡಚಿದರು.

ಹತ್ತನೇ ತರಗತಿಯ ಸಾಲಿನಿಂದ ಕೈ ಮೇಲೆದ್ದಿತು.

“ಸರ್, ಫುಟ್‌ಬಾಲ್ ಓದ್ಲಿಲ್ಲ.”

ಹರಿಣಾಕ್ಷಿ ಇದನ್ನು ನಿರೀಕ್ಷಿಸಿರಲಿಲ್ಲ. ಸಾಲಿನ ತುದಿಯಲ್ಲಿ ನಿಂತಿದ್ದ ಅವರು ಕೈಯೆತ್ತಿದವಳನ್ನು ತಡೆಯಲು ಹೋಗಲಿಲ್ಲ.

“ಬಹುಮಾನ ಬಂದದ್ದನ್ನು ಓದಿದ್ದು ದೀಪ್ತಿ,” ಎಂದರು ವಿಷ್ಣುಪ್ರಸಾದ್.

“ನಾವು ಸಹ ಆಡ್ಲಿಕ್ಕೆ ಹೋಗಿದ್ದೆವು ಸರ್. ಸೋತರೆ ಹೇಳ್ತೇವೆ ಅಂತ ಬರೆದುಕೊಟ್ಟಿದ್ದೇವೆ. ನೀವು ಓದದಿದ್ರೆ ನಾನು ಹೇಳ್ತೇನೆ.”

ಹುಡುಗರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಗಾನಶ್ರೀ ತಿರುಗಿ ಆ ಕಡೆ ದುರುಗುಟ್ಟಿ ನೋಡಿದಳು. ವಿಷ್ಣುಪ್ರಸಾದ್ ಜಗಲಿಯ ಕಡೆ ನೋಡಿದರು. ಜಯಪ್ರಕಾಶ್, “ಓದಿ ಸರ್, ಅದರಲ್ಲೆಂತ,” ಎಂದರು. ಮನಸ್ಸಿನಿಂದ ಹೇಳಿದ ಹಾಗಿರಲಿಲ್ಲ. ಆದರೂ ಹೇಳಿದರು.

ಮುಖ್ಯೋಪಾಧ್ಯಾಯರು ಮಡಚಿದ ಕಾಗದವನ್ನು ಬಿಡಿಸಲಿಲ್ಲ. ಅದರಲ್ಲಿ ಫುಟ್‌ಬಾಲ್ ಇರಲಿಲ್ಲ.

“ಬಾಲಕಿಯರ ಫುಟ್‌ಬಾಲ್. ನಮ್ಮ ಶಾಲೆಯವರು ಹತ್ತು ಜನ ಆಡಿದರು. ಸೋತರು.” ಅಂಕಿ ಗೊತ್ತಿಲ್ಲದೆ ನಿಲ್ಲಿಸಿ ದೀಪ್ತಿಯ ಕಡೆ ನೋಡಿದರು.

“ಐದು ಒಂದು ಸರ್,” ಎಂದಳು ಅವಳು, ಹಿಂದಿನ ಸಾಲಿಗೂ ಕೇಳುವ ಹಾಗೆ.